ಖೈರುನ್ ಖಾಲಾ ಬಾಯಿ ತೆರೆದು ನಿಂತರು

ಗೆಳೆಯರೇ, ಇವತ್ತು ಗಜೇಂದ್ರಗಡದ ನಮ್ಮ ಓಣಿಯ ಮಸೀದಿ ಎದುರು ಅಸ್ಥಿಮಜ್ಜೆ ದಾನಿಗಳ ನೋಂದಣಿ ಇತ್ತು. ನನ್ನ ಮಗಳು ಸಾನಿಯಾಗೆ ರಕ್ತದ ಕ್ಯಾನ್ಸರ್. ಮನೆಯಲ್ಲಿ ಯಾರ ಮಜ್ಜೆಯೂ ಅವಳಿಗೆ ಹೊಂದಲಿಲ್ಲ. ನಮ್ಮ ನದಾಫ ಸಮುದಾಯದಲ್ಲೇ ಹೊಂದುವವರು ಸಿಗಬಹುದು, ಆದರೆ ಹೆಸರು ಕೊಟ್ಟವರೇ ಕಡಿಮೆ ಎಂದಿದ್ದರು ಡಾಕ್ಟರು.

ನಮಾಜು ಮುಗಿಸಿ ಬಂದವರು ದೂರವೇ ನಿಂತರು. "ಬೆನ್ನಾಗ ಸೂಜಿ ಚುಚ್ಚತಾರಂತ," ಎಂದರು ಯಾರೋ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಖೈರುನ್ ಖಾಲಾ ಬಂದು, ಹತ್ತಿಕಡ್ಡಿ ಹಿಡಿದು ಕೂತಿದ್ದ ನರ್ಸ್ ಮುಂದೆ ಬಾಯಿ ತೆರೆದು ನಿಂತರು.

"ನಿಮಗ ವಯಸ್ಸಾಗೇತ್ರಿ ಅಮ್ಮಾ, ತಗೊಳ್ಳಾಕ ಬರಂಗಿಲ್ಲ."

"ಹಲ್ಲು ಗಟ್ಟಿ ಅದಾವ. ಎಲುಬು ಗಟ್ಟಿ ಇರಂಗಿಲ್ಲೇನು?"

ನರ್ಸ್ ಒಪ್ಪಲಿಲ್ಲ. ಖಾಲಾ ಗಂಡಸರ ಕಡೆ ತಿರುಗಿದರು. "ನನ್ನ ಬ್ಯಾಡ ಅಂತಾರ, ನಿಮ್ಮನ್ನ ಬರ್ರಿ ಅಂತಾರ. ಈಗ ಗಲ್ಲದೊಳಗ ಹತ್ತಿ ಸವರತಾರ, ಅಷ್ಟ. ಅದಕ್ಕೂ ಅಂಜತೀರೇನು?"

ಮೊದಲು ಅವರ ಸೊಸೆ ಬಂದಳು. ಆಮೇಲೆ ಸಾಲು ರಸ್ತೆಯವರೆಗೂ ಬೆಳೆಯಿತು.

ಇವರಲ್ಲಿ ಸಾನಿಯಾಗೆ ಹೊಂದುವವರು ಇದ್ದಾರೋ ಇಲ್ಲವೋ, ಇನ್ನೂ ತಿಳಿಯದು. ಅವಳಿಗಲ್ಲದಿದ್ದರೆ ಮತ್ತೊಬ್ಬರ ಮಗುವಿಗಾದರೂ ಹೊಂದೀತು. ಬಂದವರಿಗೆಲ್ಲ ಕೈಮುಗಿದು ಶುಕ್ರಿಯಾ ಹೇಳಿದೆ. ಖಾಲಾಗೆ ಮಾತ್ರ ಹೇಳಲಾಗಲಿಲ್ಲ. ಅವರಿನ್ನೂ ನರ್ಸ್ ಜೊತೆ ಜಗಳದಲ್ಲಿದ್ದರು.