ಸೂಜಿಗೆ ಹೆದರಿದ ದರ್ಜಿ

ಮೂವತ್ತು ವರ್ಷದಿಂದ ನಾನು ಕರಿ ಕೋಟು ಹೊಲಿಯುತ್ತಿದ್ದೇನೆ. ಕೋರ್ಟಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಒಂದು ಆಳೆತ್ತರದ ಕನ್ನಡಿ. ಗಿರಾಕಿಗಳೆಲ್ಲ ವಕೀಲರು. ಲೋಕದಲ್ಲಿ ಇಷ್ಟೊಂದು ಬಣ್ಣಗಳಿರುವಾಗ ನಾನು ಕಪ್ಪನ್ನೇ ಆರಿಸಿಕೊಂಡೆ. ಇಷ್ಟೊಂದು ಜನರಿರುವಾಗ ಸೋರಿಯಾಸಿಸ್ ನನ್ನನ್ನೇ ಆರಿಸಿಕೊಂಡಿತು. ಮೊಣಕೈ, ಮಂಡಿ, ಬೆನ್ನು, ನೆತ್ತಿ, ಎಲ್ಲೆಡೆ ಕೆಂಪು ಮಚ್ಚೆ, ಅದರ ಮೇಲೆ ಬಿಳಿ ಹೊಟ್ಟು. ಕೈ ಅಲ್ಲಾಡಿಸಿದರೆ ಸಾಕು, ಕರಿ ಬಟ್ಟೆಯ ಮೇಲೆ ಉದುರುತ್ತಿತ್ತು. ಬುದ್ಧಿ ಇದ್ದವನಾಗಿದ್ದರೆ ಬಿಳಿ ಅಂಗಿ ಹೊಲಿಯಲು ಹೋಗುತ್ತಿದ್ದೆ.

ಬುದ್ಧಿ ಇಲ್ಲದ್ದಕ್ಕೆ ಸುಳ್ಳು ಹೇಳಿದೆ. ಯಾರಾದರೂ ಪುಡಿ ನೋಡಿದರೆ, “ಸೀಮೆಸುಣ್ಣ ಸಾರ್, ಮಾರ್ಕ್ ಮಾಡಿದ್ದು” ಎನ್ನುತ್ತಿದ್ದೆ. ಸುಡುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹಾಸಿಗೆ ಕೊಡವುತ್ತಿದ್ದೆ. ಹೆಂಡತಿಗೆ ಎಲ್ಲವೂ ಗೊತ್ತು. ಆದರೂ ನೆಂಟರ ಮುಂದೆ “ನಮ್ಮನೆಯವರು ಬಹಳ ಅಚ್ಚುಕಟ್ಟು” ಎಂದು ಹೊಗಳುತ್ತಿದ್ದಳು. ಹಚ್ಚದ ಎಣ್ಣೆಯಿಲ್ಲ, ಬಳಿಯದ ಮುಲಾಮಿಲ್ಲ. ಒಂದು ವರ್ಷ ಯಾವುದೋ ಕಪ್ಪು ಮುಲಾಮು ಹಚ್ಚಿಕೊಂಡು, ಆಗ ತಾನೇ ಡಾಂಬರು ಹಾಕಿದ ರಸ್ತೆಯ ಹಾಗೆ ನಾರುತ್ತಿದ್ದೆ. ಮಾತ್ರೆಯನ್ನೂ ನುಂಗಿದೆ. ಲಿವರ್ ತಕರಾರು ತೆಗೆಯಿತು, ನಿಲ್ಲಿಸಿದರು.

ಒಂದು ದಿನ ಬಿಳಿಮೀಸೆಯ ವಕೀಲರೊಬ್ಬರು ಅಳತೆ ಕೊಡಲು ಬಂದರು. ಹದಿನೈದು ವರ್ಷದಿಂದ ಗಿರಾಕಿ. ಟೇಪು ಹಿಡಿದು ಅವರ ಹೆಗಲ ಮೇಲೆ ಬಗ್ಗಿದ್ದೇ ತಡ, ತೊಟ್ಟಿದ್ದ ಕೋಟಿನ ಮೇಲೆ ಬಿಳಿ ಪುಡಿ ಬಿತ್ತು. “ಸೀಮೆಸುಣ್ಣ ಸಾರ್” ಎಂದೆ.

“ಮಾಸ್ಟ್ರೇ, ಸೀಮೆಸುಣ್ಣ ಇನ್ನೂ ಡಬ್ಬಿಯಲ್ಲೇ ಇದೆ” ಎಂದರು ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. “ನನ್ನ ಮುಂದೆ ದಿನಾ ಎಷ್ಟೋ ಜನ ಸುಳ್ಳು ಹೇಳ್ತಾರೆ. ನಿಮ್ಮಷ್ಟು ಕೆಟ್ಟದಾಗಿ ಯಾರೂ ಹೇಳಲ್ಲ. ನಾಳೆ ದೊಡ್ಡಾಸ್ಪತ್ರೆಗೆ ಹೋಗಿ ಬನ್ನಿ. ಆಮೇಲೇ ನನ್ನ ಕೋಟು.”

ಗಿರಾಕಿ ಕೈತಪ್ಪುವ ಹೆದರಿಕೆಗೆ ಹೋದೆ. ಅಲ್ಲಿದ್ದ ಚರ್ಮದ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಅಂಗಿ ತೆಗೆಸಿ ನೋಡಿ, “ಚರ್ಮ ಒಂದು ತಿಂಗಳಲ್ಲಿ ಮಾಡೋ ಕೆಲಸಾನ ನಿಮ್ಮದು ನಾಲ್ಕೈದು ದಿನದಲ್ಲಿ ಮುಗಿಸ್ತಿದೆ” ಎಂದರು. ಮದುವೆ ಸೀಸನ್ನಿನ ಅವಸರದ ಹೊಲಿಗೆ ಎಂದು ನನಗೆ ತಕ್ಷಣ ಅರ್ಥವಾಯಿತು. “ನಿಮ್ಮ ಮೈ ಕಾಯೋ ಪಡೆಯೇ ನಿಮ್ಮ ಮೇಲೆ ತಿರುಗಿಬಿದ್ದಿದೆ. ಹಳೇ ಮಾತ್ರೆ ಇಡೀ ಪಡೆಯನ್ನ ತೂಕಡಿಸೋ ಹಾಗೆ ಮಾಡ್ತಿತ್ತು. ಬಯೊಲಾಜಿಕ್ ಅಂತ ಹೊಸ ಔಷಧಿ ಬಂದಿದೆ, ಅದು ಗಲಾಟೆ ಎಬ್ಬಿಸೋನ ಬಾಯಿ ಮಾತ್ರ ಮುಚ್ಚಿಸುತ್ತೆ. ಮೊದಲು ಎದೆ ಫೋಟೋ, ರಕ್ತ ಪರೀಕ್ಷೆ. ಟಿಬಿ ಗಿಬಿ ಅಡಗಿರಬಾರದು.”

“ಮಾತ್ರೆನಾ, ಟಾನಿಕ್ಕಾ?”

“ಇಂಜೆಕ್ಷನ್.”

ಸೂಜಿಯಿಂದಲೇ ಅನ್ನ ತಿನ್ನುವ ನಾನು ಸೂಜಿಗೆ ಹೆದರುತ್ತೇನೆಂದು ಯಾವ ಬಾಯಲ್ಲಿ ಹೇಳಲಿ? ಬಟ್ಟೆಗೆ ಚುಚ್ಚುವುದು ಬೇರೆ, ಬಟ್ಟೆ ಒಳಗಿರುವವನಿಗೆ ಚುಚ್ಚುವುದು ಬೇರೆ. ಪರೀಕ್ಷೆಗಳು ಮುಗಿದು, ಮೊದಲ ಇಂಜೆಕ್ಷನ್ ದಿನ ನರ್ಸ್ ನನ್ನ ತೊಡೆಗೆ ಏನೋ ಸವರಿದರು. ನಾನು ಕುರ್ಚಿಯಿಂದ ಜಾರಿದೆ. ಕಣ್ಣು ಬಿಟ್ಟಾಗ ಹೆಂಡತಿ ಗಾಳಿ ಹಾಕುತ್ತಿದ್ದಳು.

“ಮುಗೀತಾ?” ಎಂದೆ.

“ಎಲ್ಲಿ ಮುಗೀತು? ಇನ್ನೂ ಸ್ಪಿರಿಟ್ ಹಚ್ಚಿದ್ದೀನಿ ಅಷ್ಟೆ” ಎಂದರು ನರ್ಸ್.

ಇದನ್ನೆಲ್ಲ ನೋಡಿದ ಹೆಂಡತಿ ಚುಚ್ಚುವುದನ್ನು ತಾನೇ ಕಲಿತುಬಿಟ್ಟಳು. ಐದು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಔಷಧಿ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇರುತ್ತಿತ್ತು. ನಾನು ಗೋಡೆ ಕಡೆ ತಿರುಗಿ ಒಂದರಿಂದ ಹತ್ತು ಎಣಿಸುತ್ತಿದ್ದೆ. ನಾಲ್ಕಕ್ಕೇ ಅವಳ ಕೆಲಸ ಮುಗಿದಿರುತ್ತಿತ್ತು.

ಮೂರನೇ ತಿಂಗಳ ಹೊತ್ತಿಗೆ ಹೊಟ್ಟು ನಿಂತಿತು, ಕೆಂಪು ಇಳಿಯಿತು. ಒಂದು ಸಂಜೆ ಹೆಂಡತಿ ನನ್ನ ಮೊಣಕೈ ಮೇಲೆ ಕೈಯಾಡಿಸಿ, “ರೀ, ಯಾರದೋ ಗಂಡನ್ನ ಮುಟ್ಟಿದ ಹಾಗಾಗ್ತಿದೆ” ಎಂದು ನಕ್ಕಳು. ನಾನು ಮೊಣಕೈ ಹಿಂದಕ್ಕೆಳೆಯಲಿಲ್ಲ. ಇಪ್ಪತ್ತಾರು ವರ್ಷ ಅವಳ ಕೈಗೆ ಸಿಗದ ಹಾಗೆ ಸರಿದು ಮಲಗುತ್ತಿದ್ದೆ. ಅವಳು ಒಂದು ದಿನವೂ ಯಾಕೆಂದು ಕೇಳಿರಲಿಲ್ಲ.

ಅಲ್ಪನಿಗೆ ಐಶ್ವರ್ಯ ಬಂದ ಮೇಲೆ ಕೇಳಬೇಕೆ? ನನಗೆ ನಾನೇ ಆರು ಅರ್ಧತೋಳಿನ ಅಂಗಿ ಹೊಲಿದುಕೊಂಡೆ. ಚಳಿಯಲ್ಲಿ ಹಲ್ಲು ಕಟಕಟ ಎನ್ನುವಾಗಲೂ ಅವನ್ನೇ ತೊಟ್ಟು ಬೀದಿಯಲ್ಲಿ ಎರಡು ಸುತ್ತು ಹೆಚ್ಚು ಹಾಕುತ್ತಿದ್ದೆ. ಒಂದೂವರೆ ವರ್ಷ ಕಳೆಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಎಂದು, “ಡಾಕ್ಟರೇ ಸಾಕು ಅಂದ್ರು” ಅಂತ ಹೆಂಡತಿಗೆ ಸುಳ್ಳು ಹೇಳಿ ಇಂಜೆಕ್ಷನ್ ನಿಲ್ಲಿಸಿದೆ. ನಾಲ್ಕೇ ತಿಂಗಳು. ಮುಚ್ಚಿಡಲು ತೋಳೂ ಇಲ್ಲ, ಕಾಲರೂ ಇಲ್ಲ ಎಂಬಂಥ ಜಾಗದಲ್ಲಿ, ನಟ್ಟನಡು ಹಣೆಯ ಮೇಲೆ ಮೊದಲ ಮಚ್ಚೆ ಎದ್ದಿತು.

ಹೆಂಡತಿ ಕೈ ಹಿಡಿದು ಡಾಕ್ಟರ ಮುಂದೆ ಕೂರಿಸಿದಳು.

“ಯಾಕೆ ನಿಲ್ಲಿಸಿದ್ರಿ?”

“ವಾಸಿಯಾಗಿತ್ತಲ್ಲ ಅಂತ...”

“ವಾಸಿಯಾಗಿರಲಿಲ್ಲ. ಸುಮ್ಮನಿತ್ತು, ಅಷ್ಟೆ.”

ಮತ್ತೆ ಶುರು. ಈ ಸಲ ಔಷಧಿ ಮೊದಲಿನಷ್ಟು ಉದಾರಿಯಾಗಿರಲಿಲ್ಲ. ಮೈ ತಿಳಿಯಾಗಲು ಏಳು ತಿಂಗಳು ಹಿಡಿಯಿತು. ಬಲ ಮಂಡಿಯ ಮೇಲಿನ ಅಂಗೈಯಗಲದ ಮಚ್ಚೆ ಹೋಗಲೇ ಇಲ್ಲ. ಬೇರೆ ಬಯೊಲಾಜಿಕ್ಕೂ ಇದೆ, ನೋಡೋಣ ಎಂದಿದ್ದಾರೆ.

ಈ ನಡುವೆ ಹೆಂಡತಿ ಇನ್ನೊಂದು ಹಟ ಹಿಡಿದಳು. ಮದುವೆಯಾದ ಹೊಸತರಲ್ಲಿ ಅವಳು ಈಜುಕೊಳಕ್ಕೆ ಕರೆದಾಗ, ನೀರು ಕಂಡರೆ ನನಗಾಗದು ಎಂದಿದ್ದೆನಂತೆ. ಹೋದ ತಿಂಗಳು ಈಜು ತರಬೇತಿಗೆ ನನ್ನ ಹೆಸರನ್ನೂ ತನ್ನ ಹೆಸರನ್ನೂ ಬರೆಸಿ ಬಂದಳು. ಐವತ್ತೈದನೇ ವಯಸ್ಸಿನಲ್ಲಿ, ಚಡ್ಡಿ ತೊಟ್ಟು, ಮಂಡಿಯ ಮಚ್ಚೆಯನ್ನು ಊರಿಗೆಲ್ಲ ತೋರಿಸುತ್ತಾ ಮಕ್ಕಳ ಕೊಳಕ್ಕೆ ಇಳಿದೆ. ಅದನ್ನು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸೊಂಟದೆತ್ತರ ನೀರಿನಲ್ಲಿ ಮುಳುಗುತ್ತಿದ್ದ ದರ್ಜಿಯನ್ನು ಎತ್ತುವುದರಲ್ಲೇ ತರಬೇತಿಯವಳು ಸುಸ್ತಾಗಿದ್ದಳು. ಹೆಂಡತಿ ಆ ದಡ ಮುಟ್ಟಿ ವಾಪಸು ಬಂದಳು. ನಾನು ಕೊಳದಂಚಿನ ಕಂಬಿ ಬಿಟ್ಟು ಐದು ಅಡಿ ಹೋಗಿದ್ದೇನೆ. ಅವಳು ನಾಲ್ಕು ಎನ್ನುತ್ತಾಳೆ.