ತೂಕ ನೋಡಿದರು, ಕಣ್ಣು ನೋಡಲಿಲ್ಲ

ಪಾಠ ಮಾಡುತ್ತಿದ್ದ ನನ್ನ ತಂಗಿ ಮಹಾದೇವಿ, ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದಳು. ಎದ್ದಾಗ ಎದುರಿಗೆ ಬೋರ್ಡೂ ಇಲ್ಲ, ಮಕ್ಕಳೂ ಇಲ್ಲ. ಕರೆಂಟು ಹೋದಂತೆ ಎಲ್ಲ ಕಪ್ಪು. ತುಸು ಹೊತ್ತಿಗೆ ಬೆಳಕು ಮರಳಿತು. ಮೇಜು ಹಿಡಿದುಕೊಂಡೇ ಲೆಕ್ಕ ಮುಗಿಸಿದಳು. (ಟೀಚರುಗಳೇ ಹಾಗೆ.)

ಮಹಾದೇವಿ ಶಹಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮದುವೆಯಾಗಿಲ್ಲ. ಮೈ ತುಸು ತುಂಬಿಕೊಂಡಿದೆ. ಇದನ್ನೆಲ್ಲ ಯಾಕೆ ಹೇಳಿದೆ? ತಲೆನೋವು ಅಂತ ಅವಳು ಹೋದಲ್ಲೆಲ್ಲ ಜನ ನೋಡಿದ್ದು ಇವೆರಡನ್ನೇ.

ದಿನಾ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಕಿವಿಯಲ್ಲಿ ನಾಡಿ ಬಡಿದಂತೆ ಸುಯ್ ಸುಯ್ ಸದ್ದು. ಮೊದಲ ಡಾಕ್ಟರು ಅವಳು ಕೂರುವ ಮೊದಲೇ, “ತೂಕ ಇಳಸ್ರಿ, ಎಲ್ಲಾ ಸರಿ ಆಗ್ತದ” ಅಂದರು. ಎರಡನೆಯವರು ನಿದ್ದೆ ಮಾತ್ರೆ ಬರೆದು ನನ್ನ ಕಡೆ ತಿರುಗಿದರು. “ಲಗ್ನ ಮಾಡ್ರಿ ಅಕ್ಕಾರ, ಟೆನ್ಶನ್ ಹೋಗ್ತದ.”

ಮದುವೆ ಯಾವ ಕಂಪನಿಯ ಮಾತ್ರೆ?

ಪಾಪ, ಅವಳು ಅನ್ನ ಬಿಟ್ಟಳು, ಮೊಬೈಲ್ ಬಿಟ್ಟಳು. ನೋವು ಅವಳನ್ನು ಬಿಡಲಿಲ್ಲ. ಒಂದು ಸಂಜೆ ರಸ್ತೆ ದಾಟುವಾಗ ಪಕ್ಕದಿಂದ ಬಂದ ಆಟೋ ಅವಳಿಗೆ ಕಾಣಲೇ ಇಲ್ಲ. ಡ್ರೈವರ್ ಬ್ರೇಕ್ ಹಾಕಿ, “ಕಣ್ಣ ಕಾಣಂಗಿಲ್ಲೇನ್ರಿ?” ಅಂದ. ಮನೆಗೆ ಬಂದವಳು ನನ್ನ ಕೈ ಹಿಡಿದು, “ಅಕ್ಕಾ, ಖರೇನ ಕಾಣವಲ್ದು” ಅಂತ ಅತ್ತಳು.

ಮರುದಿನವೇ ಯಾದಗಿರಿಗೆ ಹೋದೆವು. ಅಲ್ಲಿನ ಕಣ್ಣಿನ ಡಾಕ್ಟರು ಹನಿ ಹಾಕಿ, ಲೈಟು ಹಿಡಿದು ಬಹಳ ಹೊತ್ತು ನೋಡಿದರು. “ಕಣ್ಣಿನ ನರ ಬಾತದ. ತಲಿಯೊಳಗ ಪ್ರೆಶರ್ ಏರಿರಬೇಕು. ತಡಾ ಮಾಡಬ್ಯಾಡ್ರಿ, ಇವತ್ತ ಹೈದರಾಬಾದಿಗೆ ಹೋಗ್ರಿ” ಅಂದರು.

ಹೈದರಾಬಾದಿನಲ್ಲಿ ಸ್ಕ್ಯಾನ್ ಆಯಿತು. ಗಡ್ಡೆ ಇರಲಿಲ್ಲ. ಬೆನ್ನಿಗೆ ಸೂಜಿ ಹಾಕಿ ಒತ್ತಡ ಅಳೆದರು, ವಿಪರೀತ ಏರಿತ್ತು. ಮಿದುಳಿನಿಂದ ರಕ್ತ ಕೆಳಗಿಳಿಯುವ ದೊಡ್ಡ ನಾಳ ಒಂದು ಕಡೆ ಇಕ್ಕಟ್ಟಾಗಿತ್ತು. ಮಾತ್ರೆ ಕೊಟ್ಟರು. ದೃಷ್ಟಿ ಕುಗ್ಗುತ್ತಲೇ ಹೋಯಿತು. ಕೊನೆಗೆ ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ಹಾಯಿಸಿ, ಆ ಇಕ್ಕಟ್ಟಿನಲ್ಲಿ ಸ್ಟೆಂಟ್ ಕೂರಿಸಿದರು. (ಹೃದಯಕ್ಕೆ ಹಾಕುವುದು ಗೊತ್ತಿತ್ತು. ತಲೆಗೂ ಹಾಕುತ್ತಾರೆಂದು ನನಗೆ ಅವತ್ತೇ ತಿಳಿದದ್ದು.)

ಎಚ್ಚರವಾದವಳು ಕಿವಿಯ ಮೇಲೆ ಕೈ ಇಟ್ಟು ನೋಡಿದಳು. ಆಮೇಲೆ ಮೆಲ್ಲಗೆ, “ಅಕ್ಕಾ, ಎಷ್ಟ್ ಶಾಂತ ಅದ” ಅಂದಳು. ಕಿವಿಯ ಸದ್ದು ನಿಂತಿತ್ತು. ಮುಂದಿನ ವಾರಗಳಲ್ಲಿ ತಲೆನೋವೂ ಇಳಿಯಿತು. ಆದರೆ ಎಡಗಣ್ಣಿನ ಅಂಚಿನಲ್ಲಿ ಹೋದ ದೃಷ್ಟಿ ಮರಳಲಿಲ್ಲ. ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಅಲ್ಲಿನ ಡಾಕ್ಟರು. ನಾವು ಮೊದಲೇ ಹೋಗಿದ್ದೆವಲ್ಲ ಸ್ವಾಮಿ, ಎರಡು ಕಡೆ!

ಒಪ್ಪುತ್ತೇನೆ, ಈ ಕಾಯಿಲೆಗೂ ತೂಕಕ್ಕೂ ನಂಟಿದೆ. ಹೈದರಾಬಾದಿನವರೂ ತೂಕ ಇಳಿಸಿ ಅಂದರು. ಆದರೆ ಕಣ್ಣು ನೋಡಿ, ಪರೀಕ್ಷೆ ಮಾಡಿ, ಆಮೇಲೆ ಅಂದರು. ದಪ್ಪಗಿರುವ ಹೆಣ್ಣುಮಗಳಿಗೆ ದಪ್ಪ ಬಿಟ್ಟು ಬೇರೆ ರೋಗವೇ ಬರಬಾರದೇ? ಮದುವೆಯಾಗದವಳ ನೋವು ನೋವಲ್ಲವೇ?

ಮೊನ್ನೆ ಸುರಪುರದಿಂದ ನಮ್ಮ ಚಿಗವ್ವ ಬಂದಿದ್ದಳು. ಉಪ್ಪಿಟ್ಟು ತಿಂದು, ದನಿ ತಗ್ಗಿಸಿ, “ತಲಿಯೊಳಗ ಏನೋ ಹಾಕ್ಯಾರಂತ ಯಾರ ಮುಂದೂ ಅನಬ್ಯಾಡ್ರಿ. ನಾಳೆ ಲಗ್ನ ಆಗಬೇಕಲ್ಲ ಹುಡುಗಿದು” ಅಂದಳು.

ಮಹಾದೇವಿ ಅವಳನ್ನೇ ನೋಡಿದಳು. “ಚಿಗವ್ವಾ, ಈಗ ಕಣ್ಣ ಹೆಂಗದ ಅಂತ ಕೇಳಲೇ ಇಲ್ಲಲ್ಲ ನೀನು?”

ಈ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?