ಬಸವಪ್ರಸಾದನ ಕಂಪ್ಯೂಟರ್ ನಿಂತುಬಿಟ್ಟಾಗ

ಖಾನಾಪುರದ ಬಸವಪ್ರಸಾದ ಊರವರ ಮನೆಗಳನ್ನು ಅವರು ಕಟ್ಟುವ ಮೊದಲೇ ಕಟ್ಟಿ ತೋರಿಸುತ್ತಾನೆ. ಬೆಳಗಾವಿಯ ಎಂಜಿನಿಯರುಗಳು ಪ್ಲಾನು ಕಳಿಸುತ್ತಾರೆ. ಇವನು ಕಂಪ್ಯೂಟರಿನಲ್ಲಿ ಅದಕ್ಕೆ ಗೋಡೆ ಎಬ್ಬಿಸಿ, ಕಿಟಕಿ ಕೂಡಿಸಿ, ಸಂಜೆಯ ಬಿಸಿಲು ಅಡಿಗೆಕಟ್ಟೆಯ ಮೇಲೆ ಎಲ್ಲಿಯವರೆಗೆ ಬೀಳುತ್ತದೆ ಎನ್ನುವುದನ್ನೂ ಚಿತ್ರವಾಗಿಸಿ ಕಳಿಸುತ್ತಾನೆ. ಮನೆ ಕಟ್ಟಿಸುವವರಿಗೆ ಇವನ ಮುಖಪರಿಚಯವಿಲ್ಲ. ಇವನ ಕೈಗಳು ಆಡುವುದಿಲ್ಲ ಎನ್ನುವುದಂತೂ ಅವರಲ್ಲಿ ಯಾರಿಗೂ ಗೊತ್ತಿಲ್ಲ.

ಡಿಪ್ಲೊಮಾ ಮುಗಿಸಿದ ಮೇಲೆ ಅವನು ಬೆಳಗಾವಿಯ ಒಬ್ಬ ಗುತ್ತಿಗೆದಾರರ ಬಳಿ ಸೈಟ್ ನೋಡಿಕೊಳ್ಳುತ್ತಿದ್ದ. ರಾಮತೀರ್ಥ ನಗರದಲ್ಲಿ ಒಂದು ಸ್ಲ್ಯಾಬ್ ಹಾಕಲು ಹಲಗೆ ಜೋಡಿಸಿದ ಸೆಂಟ್ರಿಂಗ್ ನೋಡಲು ಮೇಲೆ ಹತ್ತಿದ ದಿನ ಕಾಲ ಕೆಳಗಿನ ಹಲಗೆ ಜಾರಿತು. ಕುತ್ತಿಗೆಯ ಎಲುಬು ಮುರಿದು ಭುಜದಿಂದ ಕೆಳಗೆ ಮೈಯ ಸ್ವಾಧೀನ ತಪ್ಪಿಹೋಯಿತು. ತಲೆ ಆಡಿಸಬಲ್ಲ, ಮಾತಾಡಬಲ್ಲ. ಆದರೆ ದನಿ ಪಕ್ಕದ ಕೋಣೆಯನ್ನು ದಾಟುವುದಿಲ್ಲ. ತಂದೆ ಮೊದಲೇ ತೀರಿಕೊಂಡಿದ್ದರು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ತಾಯಿ ಸಂಗವ್ವ ಕೆಲಸ ಬಿಟ್ಟು ಮಗನ ಬಳಿ ನಿಂತಳು.

ಮೊದಮೊದಲು ಅವನು ಯಾರೊಡನೆಯೂ ಮಾತಾಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅವನನ್ನು ಎಬ್ಬಿಸಿ ಕೂಡಿಸಿದ್ದು ಒಂದು ಕ್ಯಾಮೆರಾ. ಕನ್ನಡಕದ ಮೇಲೆ ಒಂದು ಹೊಳೆಯುವ ಚುಕ್ಕೆ ಅಂಟಿಸಿಕೊಂಡರೆ, ತಲೆ ಆಡಿಸಿದತ್ತ ಪರದೆಯ ಮೇಲಿನ ಬಾಣವೂ ಹೋಗುತ್ತಿತ್ತು. ಒಂದು ಕಡೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಒತ್ತಿದ ಹಾಗೆ. ಮೊದಲ ಗೋಡೆಯನ್ನು ನೆಟ್ಟಗೆ ಎಳೆಯಲು ಅವನಿಗೆ ಒಂದು ವಾರ ಬೇಕಾಯಿತು. ಕೆಲಸ ಬೆಳೆದಂತೆ ಹಳೆಯ ಕಂಪ್ಯೂಟರ್ ಸಾಲದಾಯಿತು. ಬೆಳಗಾವಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಾಕಿರ ಒಳ್ಳೊಳ್ಳೆಯ ಭಾಗಗಳನ್ನು ಆರಿಸಿ ದೊಡ್ಡದೊಂದು ಯಂತ್ರ ಜೋಡಿಸಿಕೊಟ್ಟ. ಕೋಣೆಯ ದೀಪ, ಫ್ಯಾನು, ಅಡಿಗೆಮನೆಯಲ್ಲಿ ಬಾರಿಸುವ ಕರೆಗಂಟೆ, ಫೋನು, ಎಲ್ಲವನ್ನೂ ಅದಕ್ಕೇ ಜೋಡಿಸಿದ. ಬಸವಪ್ರಸಾದನೇ ಹಾಗೆ ಕೇಳಿಕೊಂಡಿದ್ದ.

ಆ ಯಂತ್ರ ಮಳೆಗಾಲದ ಕೊನೆಗೆ ನಿಂತುಬಿಡತೊಡಗಿತು. ಆರಿಹೋಗುವುದಿಲ್ಲ, ತಪ್ಪು ತೋರಿಸುವುದಿಲ್ಲ; ಪರದೆಯ ಮೇಲೆ ಇದ್ದದ್ದು ಇದ್ದ ಹಾಗೇ ಇರುತ್ತದೆ, ಬಾಣ ಮಾತ್ರ ಕದಲುವುದಿಲ್ಲ. ಸಂಗವ್ವ ಬಂದು ಗುಂಡಿಯನ್ನು ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಬೇಕು. ಒಮ್ಮೆ ದಿನಕ್ಕೆರಡು ಸಲ, ಒಮ್ಮೆ ನಾಲ್ಕು ದಿನ ಸುದ್ದಿಯೇ ಇಲ್ಲ.

ಒಂದು ಮಧ್ಯಾಹ್ನ ಸಂಗವ್ವ ಹಿಟ್ಟು ಹಾಕಿಸಲು ಗಿರಣಿಗೆ ಹೋಗಿದ್ದಳು. ಕಣ್ಣು ದಣಿದಿದ್ದರಿಂದ ಬಸವಪ್ರಸಾದ ಕಿಟಕಿಯ ಕಡೆ ತಲೆ ತಿರುಗಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದ. ತೊಡೆಯ ಸೆಳೆತಕ್ಕೆ ಮೈ ಒಂದು ಕಡೆ ಜಾರಿ, ಗಾಲಿಕುರ್ಚಿಯ ಪಟ್ಟಿ ಎದೆಗೆ ಒತ್ತತೊಡಗಿತು. ತಾಯಿಗೆ ಫೋನು ಮಾಡೋಣವೆಂದು ಪರದೆಯ ಕಡೆ ತಿರುಗಿದರೆ ಬಾಣ ಅಲುಗಾಡಲಿಲ್ಲ. ಕೂಗಿದ, ಕೂಗಿದಷ್ಟೂ ಉಸಿರು ಕಡಿಮೆಯಾಯಿತು. ಆಮೇಲೆ ಕೂಗುವುದನ್ನು ಬಿಟ್ಟು, ಉಸಿರನ್ನು ಸಣ್ಣದಾಗಿ ಎಳೆಯುತ್ತ ಬಾಗಿಲನ್ನೇ ನೋಡುತ್ತ ಕುಳಿತ. ಸಂಗವ್ವ ಬಂದಾಗ ಅವನ ತುಟಿ ಬೆಳ್ಳಗಾಗಿತ್ತು. ಹಿಟ್ಟಿನ ಡಬ್ಬಿಯನ್ನು ಎಲ್ಲಿ ಇಟ್ಟಳೋ, ಓಡಿ ಬಂದು ಅವನನ್ನು ಎತ್ತಿ ಕೂಡಿಸಿದಳು.

"ಸುಡ್ಲಿ ಈ ಕಂಪ್ಯೂಟರ್ ಡಬ್ಬಿ," ಎಂದು ಅತ್ತಳು. "ಇದರ ಮ್ಯಾಲ ಇಷ್ಟ ನಂಬಿಕಿ ಯಾಕ ಇಟ್ಟಿಯೋ ಯಪ್ಪಾ?"

ಆ ಡಬ್ಬಿ ಇಲ್ಲದಿದ್ದರೆ ಮಗ ಮತ್ತೆ ಗೋಡೆ ನೋಡುತ್ತ ಮಲಗಬೇಕು ಎನ್ನುವುದು ಅವಳಿಗೂ ಗೊತ್ತಿತ್ತು.

ಸುದ್ದಿ ಕೇಳಿ ಶಾಕಿರ ಮರುದಿನವೇ ಬಂದ. ಮೊದಲು ಮಾಡಿದ ಕೆಲಸವೆಂದರೆ ಕರೆಗಂಟೆಯನ್ನು ಕಂಪ್ಯೂಟರಿನಿಂದ ಬಿಡಿಸಿದ್ದು. ಕುರ್ಚಿಯ ತಲೆದಿಂಬಿನ ಪಕ್ಕ, ಕೆನ್ನೆಯಿಂದ ಒತ್ತಲು ಬರುವ ಹಾಗೆ ಒಂದು ಸ್ವಿಚ್ಚು ಕೂಡಿಸಿ, ಬ್ಯಾಟರಿಯ ಗಂಟೆಗೆ ಬೇರೆ ವೈರು ಎಳೆದ.

"ಇನ್ನ ಮ್ಯಾಲ ನಾ ಮನಿ ಬಿಟ್ಟ ಹೋಗಬೇಕಾದ್ರ ಬಾಜು ಮನಿಯಾಕಿ ಮನಿಷಾಗ ಹೇಳೇ ಹೋಗ್ತೀನಿ," ಎಂದಳು ಸಂಗವ್ವ.

ಹಳೆಯ ಕಂಪ್ಯೂಟರನ್ನು ಅದರ ಜಾಗದಲ್ಲಿಟ್ಟು ಶಾಕಿರ ಯಂತ್ರವನ್ನು ಅಂಗಡಿಗೆ ಒಯ್ದ. ಒಂದು ವಾರ ಅದಕ್ಕೆ ಬಿಡುವು ಕೊಡದೆ ಭಾರದ ಕೆಲಸ ಹಚ್ಚಿದ. ಒಮ್ಮೆಯೂ ನಿಲ್ಲಲಿಲ್ಲ. ತಿರುಗಿ ತಂದಿಟ್ಟ ದಿನವೇ ಖಾನಾಪುರದಲ್ಲಿ ನಿಂತಿತು.

"ಪ್ರಸಾದಣ್ಣಾ, ಇನ್ನೊಂದ ಸಲ ಒಯ್ತೀನ್ರಿ," ಎಂದ ಶಾಕಿರ ಫೋನಿನಲ್ಲಿ, ಸೋತ ದನಿಯಿಂದ.

"ಬ್ಯಾಡ ಶಾಕಿರಭಾಯ್. ಅದು ಇಲ್ಲೇ ಕೆಡತೈತಿ, ಇಲ್ಲೇ ನೋಡೂಣು. ನೀವು ಹೇಳ್ರಿ, ನಮ್ಮವ್ವ ಮಾಡ್ತಾಳ."

ಹೀಗೆ ಸಂಗವ್ವ ಸ್ಕ್ರೂಡ್ರೈವರ್ ಹಿಡಿದಳು. ಬಸವಪ್ರಸಾದ ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಹಟ ಹಿಡಿದ. ಎರಡು ಕಡೆ ಕೈ ಹಾಕಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಮೊದಲು, ಯಂತ್ರದ ನೆನಪನ್ನು ಹಿಡಿದಿಡುವ ಎರಡರಲ್ಲಿ ಒಂದು ರ‍್ಯಾಮ್ ಪಟ್ಟಿ ತೆಗೆದು ಇನ್ನೊಂದರ ಮೇಲೆ ನಡೆಸಿದರು, ನಿಂತಿತು. ಅದನ್ನು ತೆಗೆದು ಮೊದಲಿನದನ್ನು ಹಾಕಿದರು, ಆಗಲೂ ನಿಂತಿತು. ಬಿಸಿ ಹೆಚ್ಚಾಗಿರಬಹುದೆಂದು ಡಬ್ಬಿಯ ಬಾಗಿಲು ತೆರೆದಿಟ್ಟು ಟೇಬಲ್ ಫ್ಯಾನು ಹಚ್ಚಿದರು. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿದರು. ಯಾವುದೂ ಕೆಲಸ ಮಾಡಲಿಲ್ಲ. ಮೊದಲ ದಿನ ಪಟ್ಟಿ ಮುಟ್ಟಲೂ ಹಿಂಜರಿದಿದ್ದ ಸಂಗವ್ವ, ಈಗ ಎರಡೂ ಬದಿಯ ಕೊಂಡಿ ಟಕ್ಕೆಂದು ಕೂಡುವ ಸಪ್ಪಳ ಕೇಳುವವರೆಗೆ ಮೆತ್ತಗೆ ಒತ್ತುವುದನ್ನು ಕಲಿತಿದ್ದಳು. ಕೆಲಸದ ನಡುವೆ ಮಗನನ್ನು ಬೈಯುವುದೂ ಕಡಿಮೆಯಾಯಿತು.

ಒಂದು ದಿನ ಊಟ ಮುಗಿದ ಮೇಲೆ ಸಂಗವ್ವ ಅವನ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿದಳು. ಮತ್ತೆ ನಿಂತಿತ್ತು.

"ಈಗಷ್ಟ ನಿಂತಿತು ನೋಡವ್ವಾ, ನಾ ಕೆಲಸ ಚಾಲೂ ಮಾಡೂದಕ್ಕ."

ತಾಟು ಎತ್ತುತ್ತಿದ್ದ ಸಂಗವ್ವ ಪರದೆಯ ಮೂಲೆಯಲ್ಲಿ ಅದರೊಡನೆಯೇ ನಿಂತುಹೋಗಿದ್ದ ಗಡಿಯಾರ ನೋಡಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು.

"ಈಗಲ್ಲೋ ತಮ್ಮಾ. ಇದು ನಿಂತು ಅರ್ಧಾ ತಾಸಾತು. ನಾ ನಿನಗ ಉಣಸಾಕತ್ತಾಗನ ನಿಂತೈತಿ."

ಬಸವಪ್ರಸಾದ ಆ ಅಂಕಿಗಳನ್ನೇ ನೋಡಿದ. ನಿಂತದ್ದು ಯಾವಾಗ ಎಂದು ಇಷ್ಟು ದಿನ ಅವನು ನೋಡಿಯೇ ಇರಲಿಲ್ಲ. ತನಗೆ ಕಂಡ ಗಳಿಗೆಯನ್ನೇ ಅದು ನಿಂತ ಗಳಿಗೆ ಎಂದುಕೊಂಡಿದ್ದ. ಊಟದ ಹೊತ್ತಿಗೆ ಕುರ್ಚಿ ಆಚೆ ತಿರುಗಿರುತ್ತದೆ. ಮುಖ ಕಾಣದಿದ್ದರೆ ಕ್ಯಾಮೆರಾ ಕೂಡ ಸುಮ್ಮನಾಗುತ್ತದೆ. ಗಿರಣಿಯ ದಿನವೂ ಅವನು ಕಿಟಕಿಯ ಕಡೆ ತಿರುಗಿದ್ದ. ಅಂಗಡಿಯಲ್ಲಿ ಶಾಕಿರ ಅದಕ್ಕೆ ಒಂದು ಗಳಿಗೆಯೂ ಬಿಡುವು ಕೊಟ್ಟಿರಲಿಲ್ಲ.

"ಅವ್ವಾ, ಶಾಕಿರಭಾಯ್‌ಗೆ ಫೋನ್ ಹಚ್ಚು," ಎಂದ. "ಇದು ದುಡಿಯುವಾಗ ನಿಂದ್ರೂದಿಲ್ಲ. ಖಾಲಿ ಇದ್ದಾಗ ನಿಂದರತೈತಿ."

ಶಾಕಿರನಿಗೆ ಅಷ್ಟು ಸಾಕಾಯಿತು. "ಹಾಂ! ಹಂಗಾದ್ರ ಕರೆಂಟಿಂದ ಇರಬೇಕ್ರಿ," ಎಂದ. "ಕೆಲಸ ಇಲ್ಲಂದ್ರ ಪ್ರೊಸೆಸರ್ ನಿದ್ದಿ ಹೊಡಿತೈತಿ, ಕರೆಂಟ್ ಅಗದೀ ಕಡಿಮಿ ತಗೋತೈತಿ. ಅಷ್ಟ ಕಡಿಮಿ ಆದಾಗ ಒಳಗಿನ ಪವರ್ ಸಪ್ಲೈಗೆ ಸಂಭಾಳಿಸಾಕ ಬರವಲ್ತು ಕಾಣಸ್ತೈತಿ. ಅಷ್ಟ ಕೆಳಗ ಇಳಿಬ್ಯಾಡ ಅಂತ ಹೇಳೂ ಸೆಟ್ಟಿಂಗ್ ಒಂದೈತಿ. ಅದನ್ನ ಬದಲ ಮಾಡಿ ನೋಡೂಣು."

ಆ ಸೆಟ್ಟಿಂಗ್ ಇದ್ದದ್ದು ಯಂತ್ರ ಏಳುವ ಮೊದಲು ಬರುವ ನೀಲಿ ಪುಟದಲ್ಲಿ. ಅಲ್ಲಿ ತಲೆಯ ಕ್ಯಾಮೆರಾ ನಡೆಯುವುದಿಲ್ಲ, ಕೀಬೋರ್ಡೇ ಬೇಕು. ಸಂಗವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವಳು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮಗನ ಪಕ್ಕ ಕುಳಿತಳು.

"ಕೆಳಗಿನ ಬಾಣ ಒತ್ತು. ಇನ್ನೊಂದ ಸಲ. ಇನ್ನೊಂದ... ಸಾಕ ಸಾಕ, ಒಂದ ಮ್ಯಾಲ ಹೋಗು."

"ಕೆಡಿಸಿಗಿಡಿಸಿ ಬಿಟ್ಟೇನೋ?"

"ಏನೂ ಆಗೂದಿಲ್ಲವ್ವಾ. ಈಗ ದೊಡ್ಡ ಕೀ ಒತ್ತು."

ದಾರಿ ತಪ್ಪಿ ಬೇರೆ ಪುಟಕ್ಕೆ ಹೋದರು, ಹಿಂದೆ ಬಂದರು. ಕೊನೆಗೆ ಬೇಕಾದ ಸಾಲು ಸಿಕ್ಕಿತು. ಸಂಗವ್ವ ಅದನ್ನು ಬದಲಿಸಿ, ಉಳಿಸಿ, ಹೊರಗೆ ಬಂದಳು.

ಪರೀಕ್ಷೆ ಮಾಡಬೇಕೆಂದರೆ ಯಂತ್ರವನ್ನು ಖಾಲಿ ಬಿಡಬೇಕು. ಹಾಗೆ ಬಸವಪ್ರಸಾದನಿಗೆ ವರ್ಷಗಳ ಮೇಲೆ ಬಿಡುವು ಸಿಕ್ಕಿತು. ಸಂಗವ್ವ ಕುರ್ಚಿಯನ್ನು ಬಾಗಿಲಲ್ಲಿ ನಿಲ್ಲಿಸಿದಳು. ಒಳಗೆ ಪರದೆಯ ಮೇಲಿನ ಗಡಿಯಾರವೂ ಕಾಣಬೇಕು, ಹೊರಗಿನ ಅಂಗಳವೂ ಕಾಣಬೇಕು. ಮಳೆ ನಿಂತು ಬಿಸಿಲು ಬಿದ್ದಿತ್ತು. ಅವಳು ಅವರೆಕಾಯಿ ಸುಲಿಯುತ್ತ ಅಂಗನವಾಡಿಯ ಮಕ್ಕಳ ಕತೆ ಹೇಳಿದಳು. ಊಟಕ್ಕೆ ಅಕ್ಕಿ ಹಾಕುವ ಹೊತ್ತಿಗೇ ಸರಿಯಾಗಿ ಬಂದು, ಉಂಡು, ಬಾಗಿಲಲ್ಲೇ ನಿದ್ದೆ ಹೋಗುತ್ತಿದ್ದ ಒಬ್ಬ ಹುಡುಗಿಯ ಮಾತು ಬಂದಾಗ ಬಸವಪ್ರಸಾದ ಉಸಿರು ಹತ್ತುವಷ್ಟು ನಕ್ಕ. ತಾಯಿ ಆ ಕೆಲಸವನ್ನು ಎಷ್ಟು ಪ್ರೀತಿಸಿದ್ದಳು ಎನ್ನುವುದು ಅವನಿಗೆ ಅಂದೇ ತಿಳಿದದ್ದು.

"ಮತ್ತ ಹೋಗಬೇಕ ಅನಸೂದಿಲ್ಲೇನವ್ವಾ?" ಎಂದು ಕೇಳಿದ.

"ಅನಸ್ತೈತಿ," ಎಂದಳು ಅವಳು, ಕಾಯಿಯಿಂದ ಕಣ್ಣೆತ್ತದೆ. "ಆದ್ರ ನಿನ್ನ ಬಿಟ್ಟ ಹ್ಯಾಂಗ ಹೋಗೂದು?"

ಗಡಿಯಾರ ಅಂದು ನಿಲ್ಲಲಿಲ್ಲ. ಮರುದಿನವೂ, ಅದರ ಮರುದಿನವೂ ನಿಲ್ಲಲಿಲ್ಲ. ಆ ವಾರ ಶಾಕಿರ ಹೊಸ ಪವರ್ ಸಪ್ಲೈ ತಂದು ಹಾಕಿ, ಸೆಟ್ಟಿಂಗನ್ನು ಮೊದಲಿನಂತೆ ಮಾಡಿಯೇ ನೋಡಿದ. ಆಗಲೂ ಯಂತ್ರ ತೊಂದರೆ ಕೊಡಲಿಲ್ಲ.

"ಭಾರ ಹೊರಿಸಿ ನೋಡೂದೊಂದ ಗೊತ್ತಿತ್ರಿ ನನಗ," ಎಂದು ಶಾಕಿರ ನಕ್ಕ. "ಇನ್ನ ಮ್ಯಾಲ ಅಂಗಡಿಗೆ ಬಂದ ಮಶೀನ ಒಂದ ದಿನಾ ಖಾಲಿ ಬಿಟ್ಟೂ ನೋಡ್ತೀನಿ." ಸಂಗವ್ವ ಕೊಟ್ಟ ಚಹಾ ಕುಡಿದು ಅವನು ಬೆಳಗಾವಿಯ ಬಸ್ಸು ಹಿಡಿದ.

ಈಗ ಸಂಗವ್ವ ಬೆಳಗಿನ ಹೊತ್ತು ಓಣಿಯ ಮಕ್ಕಳನ್ನು ಅಂಗಳದಲ್ಲಿ ಕೂಡಿಸಿಕೊಂಡು ಹಾಡು ಹೇಳಿಸುತ್ತಾಳೆ. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ಗದ್ದಲ ಮಾಡುತ್ತಾರೆ. ಒಳಗೆ ಬಸವಪ್ರಸಾದ ಶಿವಬಸವ ನಗರದ ಒಂದು ಮನೆಗೆ ಮೆಟ್ಟಿಲು ಕೂಡಿಸುತ್ತಿರುತ್ತಾನೆ.